ಎಡಗಿವಿಯ ಕಡೆಗೊಂದು ನೋಟ

ಪರದೆಯ ಮೇಲೆ ಮೊದಲು ನವಿಲು ಬಂದಳು. ಕಿಟಕಿಯ ಪಕ್ಕ ನಿಂತು, ಕತ್ತು ತುಸು ವಾಲಿಸಿ, ನಕ್ಕಳು. ಆಮೇಲೆ ಏಣಿಯ ಮುಖ. ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತವನು ಏನೋ ಹೇಳಲು ಹೊರಟು, ಹೇಳಲಾರದೆ, ಸುಮ್ಮನೆ ನೋಡಿದ. ರೆಪ್ಪೆ ಒಮ್ಮೆ ಇಳಿದು ಮೆಲ್ಲಗೆ ಮೇಲೆದ್ದಿತು.

ಎಡಿಟಿಂಗ್ ಮೇಜಿನ ಮುಂದೆ ಕೂತಿದ್ದ ಕತ್ತರಿಗೆ ಮೆಣಸಿನಕಾಯಿ ಕಚ್ಚಿದಷ್ಟು ಉರಿಯಿತು.

ಶಾಟನ್ನು ಹಿಂದಕ್ಕೆಳೆದು ಮತ್ತೆ ನೋಡಿದಳು. ಉರಿ ಇನ್ನೂ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ಪರೀಕ್ಷಿಸುವವಳ ಹಾಗೆ. ಪ್ರತಿ ಸಲವೂ ಇತ್ತು.

ಮೊದಲ ವರ್ಷದ ಸಿನಿಮಾ ತರಗತಿಯಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಎಡಿಟಿಂಗ್‌ಗೆ ಕೂತರೆ ಊಟದ ನೆನಪೂ ಆಗದ ಇವಳು ಕತ್ತರಿ. ಮೈಕಿನ ಕೋಲು ಹಿಡಿಯಲೆಂದೇ ದೇವರು ಉದ್ದ ಮಾಡಿ ಕಳಿಸಿದಂತಿದ್ದ ಅವನು ಏಣಿ. ಇವರ ಕಿರುಚಿತ್ರಕ್ಕೆ ನಾಯಕಿಯಾಗಲು ಡಾನ್ಸ್ ವಿಭಾಗದಿಂದ ಬಂದವಳು ನವಿಲು. ನಾಯಕನಾಗಬೇಕಿದ್ದ ಹುಡುಗ ಶೂಟಿಂಗ್ ದಿನ ಹಲ್ಲುನೋವೆಂದು ಕೆನ್ನೆ ಊದಿಸಿಕೊಂಡು ಮಲಗಿದ. "ಏಣಿಗೇ ಚೀಲ ಹಾಕಿ ನಿಲ್ಲಿಸೋಣ" ಎಂದವಳು ಕತ್ತರಿಯೇ. ಈಗ ಆ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸುತ್ತಿತ್ತು.

ಏಕೆಂದರೆ ಏಣಿಗೆ ನಟನೆ ಬರುವುದಿಲ್ಲ. ಸಣ್ಣ ಸುಳ್ಳು ಹೇಳಿದರೂ ಕಿವಿ ಕೆಂಪಾಗುವ ಹುಡುಗ. ಅಂಥವನ ಕಣ್ಣಲ್ಲಿ ಅಷ್ಟು ಆಸೆ ಕಂಡರೆ ಅದು ನಿಜವೇ ಇರಬೇಕು. ಈ ತರ್ಕದಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಅವಳು ಹುಡುಕಿದಳು. ಸಿಗಲಿಲ್ಲ.

ಬಾಗಿಲು ತಳ್ಳಿಕೊಂಡು ಏಣಿಯೇ ಒಳಗೆ ಬಂದ. ಕೈಯಲ್ಲಿ ಎರಡು ಕಪ್ ಟೀ.

"ಹೇಗ್ ಬಂದಿದೆ?"

"ಯಾರು, ನವಿಲಾ? ಚೆನ್ನಾಗ್ ಬಂದಿದಾಳೆ."

"ನಾನು ಸಿನಿಮಾ ಬಗ್ಗೆ ಕೇಳ್ದೆ."

"ಸಿನಿಮಾ ತುಂಬ ಅವಳೇ ಇದಾಳಲ್ಲ."

ಅವನು ಒಂದು ಕಪ್ಪನ್ನು ಅವಳ ಕಡೆ ಸರಿಸಿದ. "ಸಕ್ಕರೆ ಕಮ್ಮಿ ಹಾಕ್ಸಿದೀನಿ. ನಿಂಗೆ ಬೇಕಾದ ಹಾಗೆ."

"ಅವಳಿಗೇ ಕೊಡು. ಡಾನ್ಸ್ ಮಾಡಿ ದಣಿದಿರ್ತಾಳೆ."

"ಏನಾಗಿದೆ ನಿಂಗೆ?"

"ಕೆಲ್ಸ ಇದೆ ನಂಗೆ."

ಏಣಿ ತನ್ನ ಕಪ್ಪನ್ನು ಎತ್ತಿಕೊಂಡ. ಆಮೇಲೆ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಹೊರಟುಹೋದ. ಟೀ ಆರಿತು. ಕತ್ತರಿ ಆ ನೋಟವನ್ನು ಹಿಡಿದು, ರೆಪ್ಪೆ ಇಳಿಯುವ ಮುಂಚೆಯೇ ಕಚಕ್ಕೆಂದು ಕತ್ತರಿಸಿ ಎಸೆದಳು. ತುಸು ಹಾಯೆನಿಸಿತು. ಬಹಳ ಹೊತ್ತು ಅಲ್ಲ.

ಸಂಜೆ ಮೇಷ್ಟ್ರು ನೋಡಲು ಬಂದರು. ಅವರದೊಂದು ಪದ್ಧತಿ: ಮೊದಲ ಕಟ್ ಮಾಡುವಾಗ ಸೌಂಡ್ ಪೂರ್ತಿ ಬಂದ್ ಮಾಡಿರಬೇಕು. ಮಾತು ಮೋಸ ಮಾಡುತ್ತದೆ, ಮೊದಲು ಕಣ್ಣನ್ನು ನಂಬಿ ಎನ್ನುತ್ತಿದ್ದರು. ಹಾಗಾಗಿ ಇವಳೂ ಇಷ್ಟು ದಿನ ಮೂಕಚಿತ್ರವನ್ನೇ ಕತ್ತರಿಸುತ್ತಿದ್ದಳು.

"ಇದೇನಮ್ಮ ಇದು? ಹುಡುಗ ನೋಡೋಕ್ ಶುರು ಮಾಡಿದ್ದೇ ತಡ, ಓಡ್ಸಿಬಿಟ್ಟಿದ್ದೀಯ!"

"ಸ್ವಲ್ಪ ಜಾಸ್ತಿ ಆಗಿತ್ತು ಸಾರ್."

"ತೋರ್ಸು, ಎಷ್ಟು ಜಾಸ್ತಿ."

ತೋರಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ನಿನ್ನ ಸಿನಿಮಾದಲ್ಲಿ ಇರೋದೇ ಇದೊಂದು, ತಾಯಿ. ಗೋಡೆ ನೋಡ್ಕೊಂಡು ನಿಂತವನ ಕಣ್ಣಲ್ಲ ಇದು. ಎದುರಿಗೆ ಯಾರು ನಿಂತಿದ್ರು?"

"ನವಿಲು ಸಾರ್."

"ಆ ಹುಡುಗೀಗೊಂದು ಥ್ಯಾಂಕ್ಸ್ ಹೇಳು. ಶಾಟ್‌ನ ತಲೆಯಿಂದ ಬಾಲದವರೆಗೆ ವಾಪಸ್ ಹಾಕಿ ಇನ್ನೊಂದ್ ಸಲ ನೋಡು. ಈಗ ಸೌಂಡೂ ಹಾಕ್ಕೋ."

ಮೇಷ್ಟ್ರು ಹೋದರು. ಫೈಲ್ ಹಾಳಾಯಿತೆಂದು ಹೇಳಬಹುದಿತ್ತು. ಆದರೆ ಒಳ್ಳೆಯ ಶಾಟ್ ಒಂದನ್ನು ಎರಡು ಸಲ ಕೊಲ್ಲಲು ಕೈ ಬರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಶಾಟ್‌ನ ತುದಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದಳು.

ಮೊದಲು ಕೇಳಿಸಿದ್ದು ಅತ್ತಿಗೆಯ ದನಿ. ಶೂಟಿಂಗ್ ನಡೆದದ್ದು ಕತ್ತರಿಯ ಅಣ್ಣನ ಮನೆಯ ನಡುಮನೆಯಲ್ಲಿ. "ಕಿಟಕಿ ಪರದೆ ಹರಿದ್ರೆ ಹೊಲಿಯೋಳು ನೀನೇ, ನೆನಪಿರ್ಲಿ!"

ಆಮೇಲೆ ಕ್ಯಾಮೆರಾ ಹಿಡಿದಿದ್ದ ಗೆಳತಿ: "ಎರಡನೇ ಸೀನ್, ಏಣಿ ಕ್ಲೋಸಪ್. ನೋಟಕ್ಕೆ ಕತ್ತರಿ." ಟಪ್ ಎಂದು ಕ್ಲ್ಯಾಪ್ ಬಿತ್ತು.

ಅವಳ ಬೆರಳು ನಿಂತುಹೋಯಿತು.

ಇದೂ ಮೇಷ್ಟ್ರ ಪದ್ಧತಿಯೇ. ಕ್ಲೋಸಪ್ ತೆಗೆಯುವಾಗ ನಟನ ಕಣ್ಣಿಗೆ ಆಸರೆಯಾಗಿ ಲೆನ್ಸಿನ ಪಕ್ಕ ಯಾರು ನಿಂತಿದ್ದಾರೋ ಅವರ ಹೆಸರನ್ನು ಕ್ಲ್ಯಾಪ್‌ಗೆ ಮುಂಚೆ ಕೂಗಬೇಕು.

ಹಿಂದಕ್ಕೆಳೆದು ಮತ್ತೆ ಕೇಳಿದಳು. ನೋಟಕ್ಕೆ ಕತ್ತರಿ. ಮೂರನೆಯ ಸಲವೂ ಅದೇ.

ಆಗ ನೆನಪಾಯಿತು. ನವಿಲಿನ ಶಾಟ್ ಮುಗಿದದ್ದೇ, "ಪ್ರಾಕ್ಟೀಸ್‌ಗೆ ತಡ ಆಗುತ್ತೆ, ಹೊರಡು ನೀನು" ಎಂದು ಅವಳನ್ನು ಸಾಗಹಾಕಿದ್ದು ತಾನೇ. ಮೈಕ್ ಸಿಕ್ಕಿಸುವ ನೆಪದಲ್ಲಿ ಏಣಿಯೂ ನವಿಲೂ ಅಗತ್ಯಕ್ಕಿಂತ ಹೆಚ್ಚು ನಕ್ಕಿದ್ದರು. ಆಮೇಲೆ ಥರ್ಮೋಕೋಲ್ ಹಾಳೆ ಎತ್ತಿ, ಕಿಟಕಿಯ ಬೆಳಕನ್ನು ಅವನ ಮುಖಕ್ಕೆ ತಿರುಗಿಸುತ್ತ ಲೆನ್ಸಿನ ಪಕ್ಕ ನಿಂತವಳೂ ತಾನೇ. "ನನ್ನ ಎಡಗಿವಿ ನೋಡು" ಎಂದಿದ್ದಳು. ಅವನು ನೋಡುತ್ತಿದ್ದ. ಅವಳು ಮಾತ್ರ ಅವನ ಮೂಗಿನ ಕೆಳಗಿನ ನೆರಳನ್ನೇ ನೋಡುತ್ತಿದ್ದಳು.

ನವಿಲಿನ ನಗುವಿನ ಪಕ್ಕಕ್ಕೆ ಆ ನೋಟವನ್ನು ತಂದು ಅಂಟಿಸಿದ್ದು ಇದೇ ಮೇಜಿನ ಮೇಲೆ, ಇದೇ ಬೆರಳುಗಳು. ಅಂಟಿಸಿದವಳೇ ಅದನ್ನು ನಂಬಿ ಉರಿದುಕೊಂಡು ಕೂತಿದ್ದಳು.

ಹೆಡ್‌ಫೋನಿನಲ್ಲಿ ಅವಳದೇ ಗಡಸು ದನಿ: "ಕಟ್! ನೆರಳು ಹೋಯ್ತು, ಸರಿಯಾಯ್ತು." ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅವನ ಕಣ್ಣು ಕದಲಿರಲಿಲ್ಲ.

"ಕತ್ತರಿ, ಕೈ ನೋಯ್ತಿದ್ಯಾ? ಕೊಡಿಲ್ಲಿ, ನಾನ್ ಹಿಡೀತೀನಿ."

"ನೀನ್ ಹಿಡಿದ್ರೆ ನಿನ್ ಮುಖಕ್ಕೆ ಬೆಳಕು ಬಿಡೋರ್ ಯಾರೋ, ದಡ್ಡ!"

ಅಲ್ಲಿಗೆ ಶಾಟ್ ಮುಗಿಯಿತು.

ಅವಳು ಹೊರಗೆ ಬಂದಾಗ ಏಣಿ ಕಾರಿಡಾರಿನಲ್ಲಿ ನೆಲದ ಮೇಲೆ ಕೂತು ಮೈಕಿನ ವಯರ್ ಸುತ್ತುತ್ತಿದ್ದ. ಟೀಯ ಎರಡನೆಯ ಕಪ್ ಪಕ್ಕದಲ್ಲಿತ್ತು, ಅವನೂ ಕುಡಿದಿರಲಿಲ್ಲ.

"ನಿನ್ನ ಶಾಟ್ ಕತ್ತರಿಸಿದ್ದೆ" ಎಂದಳು.

"ಮೇಷ್ಟ್ರು ಹೇಳಿದ್ರು. ಅಷ್ಟು ಕೆಟ್ಟದಾಗಿತ್ತಾ?"

"ಅಷ್ಟು ಚೆನ್ನಾಗಿತ್ತು. ನವಿಲನ್ನ ನೋಡ್ತಿದ್ದೀಯ ಅಂದ್ಕೊಂಡೆ."

ವಯರ್ ಸುತ್ತುವ ಕೈ ನಿಂತಿತು. "ನವಿಲು ಎಲ್ಲಿದ್ಳು ಆಗ? ನೀನೇ ಓಡ್ಸಿದ್ದೆಯಲ್ಲ."

"ಈಗ ನೆನಪಾಯ್ತು."

"ಅಂದ್ರೆ... ಆ ಟೀ ಗಲಾಟೆ..."

"ಹೂಂ."

ಅವನ ಕಿವಿ ಕೆಂಪೇರತೊಡಗಿತು. ಸುಳ್ಳೇನೂ ಹೇಳಿರಲಿಲ್ಲ.

ಅವಳು ಪಕ್ಕದಲ್ಲಿ ಕೂತು ವಯರಿನ ಇನ್ನೊಂದು ತುದಿಯನ್ನು ಕೈಗೆತ್ತಿಕೊಂಡಳು. "ನಾನು ಎಡಗಿವಿ ನೋಡು ಅಂದಿದ್ದೆ."

"ಕಿವಿಯಿಂದಲೇ ಶುರು ಮಾಡ್ದೆ."

"ಆಮೇಲೆ?"

"ಆಮೇಲೇನು, ನೀನು ಕಟ್ ಅಂದ್ಬಿಟ್ಟೆ."

ಅವಳು ಅವನ ಕಡೆ ತಿರುಗಿದಳು. ಈ ಸಲ ನೆರಳು ಎಲ್ಲಿ ಬಿದ್ದಿದೆಯೆಂದು ನೋಡಲಿಲ್ಲ.

"ಈಗ ಅನ್ನಲ್ಲ" ಎಂದಳು.