ಕೇಕಿಗೊಂದು ಹೆಲ್ಮೆಟ್

ಇಮಾಮಬಾನು ಕುಕ್ಕರಿನ ಮುಚ್ಚಳ ಎತ್ತಿದಳು. ಒಳಗೆ ಕಾದ ಉಪ್ಪಿನ ಮೇಲೆ ಕೇಕಿನ ಡಬ್ಬಿ ಕೂತಿತ್ತು. ಕೇಕಿನ ನಡುವೆ ತೆಳ್ಳನೆಯ ಕಡ್ಡಿಯೊಂದನ್ನು ಚುಚ್ಚಿ ತೆಗೆದು, ಬೆಳಕಿಗೆ ಹಿಡಿದು ನೋಡಿದಳು.

"ಹಸಿ ಅಂಟೈತೇನು ಅಮ್ಮಿ?" ಖುಷ್ಬು ಕೇಳಿದಳು.

"ಇಲ್ಲ, ಬೆಂದೈತಿ. ನೀ ಹಿಂದಕ್ಕ ಸರಿ, ಮಾರಿ ಸುಟ್ಟೀತು."

ಖುಷ್ಬು ಸರಿಯಲಿಲ್ಲ. ಏಲಕ್ಕಿಯ ಬಿಸಿ ಘಮ ಮುಖಕ್ಕೆ ತಾಗಲಿ ಎಂದು ಇನ್ನಷ್ಟು ಬಗ್ಗಿದಳು. ರೂಪಾಳ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಅದಕ್ಕೆ ಅಮ್ಮಿ ಈ ಕೇಕನ್ನು ಮೊಸರು ಹಾಕಿ ಮಾಡಿದ್ದಳು.

ನಾಳೆ ಶಾಲೆಯಲ್ಲಿ ರೂಪಾಳ ಕಡೆಯ ದಿನ. ಅವಳ ಪುಟ್ಟ ತಮ್ಮನಿಗೆ ಕೆಮ್ಮು, ಉಬ್ಬಸ. ಧೂಳಿಲ್ಲದ ಕಡೆ ಮನೆ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ, ಅವರ ಮನೆಯವರೆಲ್ಲ ಗಿಣಿಗೇರಾ ಬಿಟ್ಟು ಕೊಪ್ಪಳಕ್ಕೆ ಹೊರಟಿದ್ದರು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ಖುಷ್ಬು ಇಡೀ ಕ್ಲಾಸಿನ ಮುಂದೆ ಮಾತು ಕೊಟ್ಟುಬಿಟ್ಟಿದ್ದಳು. "ನಿನಗ ಬಿಳೀ ಕೇಕ್ ತರ್ತೇನಿ. ಮೊಬೈಲ್‌ನ್ಯಾಗ ಬರ್ತೈತಲ್ಲ, ಹಂಥಾದ್ದು. ಪೂರಾ ಬಿಳೀ, ಮ್ಯಾಲೆ ಬಿಳೀ ಗುಲಾಬಿ."

ಅಮ್ಮಿ ಆಗಲೇ ಹೇಳಿದ್ದಳು. "ಬಿಳೀದು ಯಾಕವ್ವಾ? ಬೆಲ್ಲದ್ದು ಮಾಡೂಣು, ಚಾಕಲೇಟಿಂದು ಮಾಡೂಣು. ಈ ಊರಾಗ ಬಿಳೀದು ನಿಲ್ಲೂದಿಲ್ಲ."

ಬೆಳಿಗ್ಗೆ ಬೆಣ್ಣೆ ಕೊಡಲು ಬಂದ ಕಸ್ತೂರೆಮ್ಮನೂ ಅದನ್ನೇ ಹೇಳಿ ನಕ್ಕಿದ್ದಳು. "ಎಮ್ಮೀ ಬೆಣ್ಣಿ ಏನೋ ಹಾಲಿನಂಗ ಬೆಳ್ಳಗೈತಿ. ಆದ್ರ ನಮ್ಮೂರಾಗ ಬೆಳ್ಳಗಿರೂದು ಕೊಕ್ಕರಿ ಒಂದ ನೋಡವಾ. ಅದೂ ಕೆರ್‍ಯಾಗ ಜಳಕಾ ಮಾಡಿ ಬಂದಾಗ!"

ಆದರೂ ಖುಷ್ಬು ಹಟ ಬಿಟ್ಟಿರಲಿಲ್ಲ.

ಕೇಕು ಆರಿತು. ಅಮ್ಮಿ ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಕೈ ಸೋಲುವವರೆಗೆ ತಿರುವಿದಳು. ಮೇಲೂ ಸುತ್ತಲೂ ಹಚ್ಚಿ ಚಮಚದ ಬೆನ್ನಿನಿಂದ ನುಣ್ಣಗೆ ಸವರಿದಳು. ಇಡೀ ದಿನ ಬ್ಲೌಸು ಹೊಲಿದು ಬಾಗಿರುತ್ತಿದ್ದ ಅವಳ ಬೆನ್ನು, ಕೇಕಿನ ಮುಂದೆ ಕೂತಾಗ ಮಾತ್ರ ನೆಟ್ಟಗಾಗುತ್ತಿತ್ತು. ಸಣ್ಣ ದನಿಯಲ್ಲಿ ಏನಾದರೂ ಹಾಡಿಕೊಳ್ಳುತ್ತಿದ್ದಳು.

ಹೂವು ಬಿಡಿಸುವುದು ಖುಷ್ಬುವಿನ ಕೆಲಸ. ಅರ್ಧ ಲೀಟರಿನ ಹಾಲಿನ ಪಾಕೀಟನ್ನು ತೊಳೆದು ಒಣಗಿಸಿ, ಒಂದು ಮೂಲೆ ಕತ್ತರಿಸಿದರೆ ಅದೇ ಹೂವಿನ ಚೀಲ. ಒಳಗೆ ಬೆಣ್ಣೆ ತುಂಬಿ ಮುಷ್ಟಿಯಲ್ಲಿ ಹಿಡಿದು ಒತ್ತಬೇಕು. ಆ ಪಾಕೀಟು ಅವಳ ಮುಷ್ಟಿಗೆ ಸರಿಯಾಗಿ ಕೂರುತ್ತಿತ್ತು. ಒತ್ತಿ, ತಿರುಗಿಸಿ, ಟಕ್ಕನೆ ಎತ್ತಿದರೆ ಒಂದು ಎಸಳು.

ಮೂರನೆಯ ಗುಲಾಬಿ ಮುಗಿಯುವ ಹೊತ್ತಿಗೆ ಓಣಿಯಲ್ಲಿ ಯಾರೋ ಕೂಗಿದರು. "ಇಮಾಮಬಾನೂ, ನಳ ಬಂತು!"

ಅಮ್ಮಿ ಎರಡು ಕೊಡ ಎತ್ತಿಕೊಂಡಳು. "ಹೂವು ಮುಗದಕೂಡ್ಲೆ ಮ್ಯಾಲೆ ಬೋಗುಣಿ ಡಬ್ಬ ಹಾಕು. ಮರೀಬ್ಯಾಡ."

ಖುಷ್ಬು ಹೂವು ಮುಗಿಸಿದಳು. ಬೋಗುಣಿಯನ್ನೂ ತಂದಳು. ಆದರೆ ಅದು ಗಿಡ್ಡ. ಮುಚ್ಚಿದರೆ ಗುಲಾಬಿಗಳು ಅಪ್ಪಚ್ಚಿಯಾಗುತ್ತವೆ. ಬೇರೇನು ಮುಚ್ಚುವುದು?

ಅಷ್ಟರಲ್ಲಿ ಅವಳಿಗೆ ಒಂದು ಫೋಟೋ ತೆಗೆಯಬೇಕು ಅನ್ನಿಸಿತು. ಅಡುಗೆಮನೆಯಲ್ಲಿ ಬೆಳಕು ಸಾಲದು. ಯಾವಾಗಲೂ ಮುಚ್ಚಿರುತ್ತಿದ್ದ ಕಿಟಕಿಯನ್ನು ತೆಗೆದಳು. ಸಂಜೆಯ ಬಿಸಿಲು ನೇರ ಕೇಕಿನ ಮೇಲೆ ಬಿತ್ತು. ಆಹಾ! ಖುಷ್ಬು ಅಮ್ಮಿಯ ಮೊಬೈಲಿನಲ್ಲಿ ಫೋಟೋ ಹೊಡೆದಳು. ಒಂದಲ್ಲ, ಐದಾರು.

"ಖುಷ್ಬೂ! ಸಣ್ಣ ಕೊಡಾ ತಗೊಂಡು ಬಾರ, ನೀರು ಹೋಗ್ತೈತಿ!"

ಅವಳು ಕೊಡ ಹಿಡಿದು ಓಡಿದಳು. ಕಿಟಕಿ ಹಾಗೇ ಉಳಿಯಿತು.

ನಳದ ಹತ್ತಿರ ಸಾಲು ಉದ್ದವಿತ್ತು. ಕೊಡ ತುಂಬಿಸಿಕೊಂಡು ಮನೆಗೆ ಬಂದಾಗ ಖುಷ್ಬು ಬಾಗಿಲಲ್ಲೇ ನಿಂತುಬಿಟ್ಟಳು.

ಬಿಳಿ ಕೇಕಿನ ಮೇಲೆ ಯಾರೋ ಮೆಣಸಿನ ಪುಡಿ ಉದುರಿಸಿದಂತಿತ್ತು. ಕಪ್ಪು ಕಪ್ಪು ಚುಕ್ಕಿ. ಗುಲಾಬಿಯ ಎಸಳಿನ ಒಳಗೂ ಚುಕ್ಕಿ. ಕಿಟಕಿಯಾಚೆ, ದೂರದಲ್ಲಿ, ಫ್ಯಾಕ್ಟರಿಯ ಚಿಮಣಿ ತನಗೇನೂ ಗೊತ್ತಿಲ್ಲ ಎನ್ನುವಂತೆ ಹೊಗೆ ಬಿಡುತ್ತಿತ್ತು.

ಖುಷ್ಬು ಬೆರಳ ತುದಿಯಿಂದ ಒಂದು ಚುಕ್ಕಿ ತೆಗೆಯಲು ಹೋದಳು. ಅದು ಉದ್ದನೆಯ ಬೂದು ಗೆರೆಯಾಯಿತು. ಇನ್ನೊಂದು ತೆಗೆಯಲು ಹೋದಳು. ಇನ್ನೊಂದು ಗೆರೆ.

ಅದೇ ಹೊತ್ತಿಗೆ ಹಿತ್ತಲಲ್ಲಿ ಪಟ್ ಪಟ್ ಎಂದು ಸದ್ದಾಯಿತು. ಅಬ್ಬಾ ಫ್ಯಾಕ್ಟರಿ ಡ್ಯೂಟಿ ಮುಗಿಸಿ ಬಂದಿದ್ದ. ಅವನು ಎಂದೂ ಮುಂಬಾಗಿಲಿನಿಂದ ಬರುವವನಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಅಂಗಿ ಕೊಡವಿ, ಜಳಕ ಮಾಡಿ, ಆಮೇಲೆಯೇ ಒಳಗೆ ಬರುತ್ತಿದ್ದ. ಅವನು ಅಂಗಿ ಕೊಡವಿದಾಗೆಲ್ಲ ಒಂದು ಸಣ್ಣ ಕಪ್ಪು ಮೋಡ ಏಳುತ್ತಿತ್ತು.

ಖುಷ್ಬು ಹಿತ್ತಲ ಬಾಗಿಲಿಗೆ ಹೋಗಿ ಚೀರಿದಳು. "ನಿಮ್ಮ ಫ್ಯಾಕ್ಟರಿ ಧೂಳಿ ಬಿದ್ದು ನನ್ನ ಕೇಕ್ ಪೂರಾ ಕೆಟ್ಟು ಹೋತು! ರೂಪಾನೂ ಇದ ಧೂಳಿಯಿಂದಾನ ಹೊಂಟಾಳ. ನೀ ಯಾಕ ಅಲ್ಲಿಗೆ ಹೋಗ್ತಿ? ಯಾಕ ಮೈ ತುಂಬ ಇದನ್ನ ತಗೊಂಡು ಬರ್ತಿ?"

ಅಬ್ಬಾ ಅಂಗಿಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತ. ಅವನ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಕಪ್ಪು ಇರಲಿಲ್ಲ.

"ಕೇಕ್ ಕೆಟ್ಟತೇನವಾ?" ಎಂದ ಮೆಲ್ಲಗೆ.

ಅವನು ಅಂಗಿಯನ್ನು ಮುದ್ದೆ ಮಾಡಿ ಎದೆಗೆ ಹಿಡಿದುಕೊಂಡು, ಹಿತ್ತಲು ದಾಟಿ, ದೂರದ ಜಾಲಿಗಿಡದವರೆಗೆ ನಡೆದು ಹೋದ. ಅಲ್ಲಿ ನಿಂತು, ಮನೆಗೆ ಬೆನ್ನು ಮಾಡಿ, ಅಂಗಿ ಕೊಡವಿದ.

ಹಿಂದೆಯೇ ಬಂದ ಅಮ್ಮಿ ಕೊಡ ಇಳಿಸಿದಳು. ಕೇಕು ನೋಡಿದಳು, ಕಿಟಕಿ ನೋಡಿದಳು, ಹಿತ್ತಲ ಆಚೆ ಜಾಲಿಗಿಡದ ಕಡೆಗೂ ನೋಡಿದಳು. ಬೈಯಲಿಲ್ಲ. ಕಿಟಕಿ ಮುಚ್ಚಿ, ಚಾಕು ತೊಳೆದುಕೊಂಡು ಬಂದು ಕೂತಳು.

"ಅಳೂದಾದ್ರ ಆ ಕಡೆ ತಿರುಗಿ ಅಳು. ಕಣ್ಣೀರು ಬಿದ್ರ ಕೇಕ್ ಉಪ್ಪಾಗ್ತೈತಿ."

ಖುಷ್ಬುವಿಗೆ ಅಳುವಿನ ನಡುವೆಯೇ ನಗು ಬಂತು. ಅದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಅಮ್ಮಿ ಬೆಣ್ಣೆಯನ್ನು ಪದರ ಪದರವಾಗಿ ಕೆರೆದು ತೆಗೆಯತೊಡಗಿದಳು. ಗುಲಾಬಿಗಳೂ ಹೋದವು. "ನಾ ತಾವರಗೇರಾದಿಂದ ಮದಿವ್ಯಾಗಿ ಇಲ್ಲಿಗೆ ಬಂದಾಗ ಒಂದು ಬಿಳೀ ಪರದಾ ತಂದಿದ್ನಿ. ನಾನ ಅಂಚಿಗೆ ಹೂವು ಹಾಕಿದ್ದು. ಇದ ಕಿಟಕಿಗೆ ಕಟ್ಟಿದ್ನಿ."

"ಆಮ್ಯಾಲೆ?"

"ಆಮ್ಯಾಲೇನು, ಎಂಟು ದಿನಕ್ಕ ಎಮ್ಮಿ ಬಣ್ಣ ಬಂತು. ಒಗದ್ನಿ. ಮತ್ತ ಎಮ್ಮಿ. ಮತ್ತ ಒಗದ್ನಿ. ಕಡೀಕ ನಿಮ್ಮ ಅಬ್ಬಾನ ಅದನ್ನ ಬಿಚ್ಚಿ, ಮಡಚಿ, ಪೆಟಗ್ಯಾಗ ಇಟ್ಟ."

"ಯಾಕ?"

ಅಮ್ಮಿ ಚಾಕು ಒರೆಸಿದಳು. "ನಾ ಒಗದು ಒಗದು ಕೈ ಸೀಳಿಸಿಕೊಂಡಿದ್ನಿ. 'ಇದು ನನ್ನಿಂದ ಆತು' ಅಂತ ಅಂದ್ಕೊಂಡಿರಬೇಕು ಪಾಪ. ಅವತ್ತಿನಿಂದ ಹಿತ್ತಲದಾಗ ಅಂಗಿ ಕೊಡವಾಕ ಶುರು ಮಾಡಿದ."

ಅಷ್ಟೇ ಹೇಳಿ ಅವಳು ಬೆಣ್ಣೆಯ ಬಟ್ಟಲ ಕಡೆ ನೋಡಿದಳು. ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಕಸ್ತೂರೆಮ್ಮ ಮತ್ತೆ ಬರುವುದು ಮುಂದಿನ ವಾರ.

"ಇದು ಇಡೀ ಕೇಕಿಗೆ ಸಾಲೂದಿಲ್ಲ. ನೀ ಹೇಳು, ಏನು ಮಾಡೂಣು?"

ಖುಷ್ಬು ಮೂಗು ಒರೆಸಿಕೊಂಡು ಗೂಡಿನ ಡಬ್ಬಿಗಳನ್ನು ನೋಡಿದಳು. ಬೆಲ್ಲ ಇತ್ತು. ಹುರಿದ ಶೇಂಗಾ ಇತ್ತು.

"ಬೆಲ್ಲದ ಪಾಕ ಹಚ್ಚಿ, ಶೇಂಗಾ ಪುಡಿ ಉದುರಸೂಣು. ಹೆಸರು ಮಾತ್ರ ಬಿಳೀದು."

"ಶಾಣ್ಯಾ ಅದಿ."

ಕೇಕು ಕಂದು ಬಣ್ಣಕ್ಕೆ ತಿರುಗಿತು. ನೆಲ ಒದ್ದೆಯಾದಾಗಿನ ಮಣ್ಣಿನ ಬಣ್ಣ. ಉಳಿದ ಬೆಣ್ಣೆಯನ್ನು ಪಾಕೀಟಿಗೆ ತುಂಬಿ ಖುಷ್ಬು ಉಸಿರು ಬಿಗಿಹಿಡಿದು 'ರೂಪಾ' ಎಂದು ಬರೆದಳು. ದೀರ್ಘ ಸ್ವಲ್ಪ ಸೊಟ್ಟಗಾಯಿತು. ಪಕ್ಕದಲ್ಲಿ ಒಂದೇ ಒಂದು ಬಿಳಿ ಗುಲಾಬಿ ಮೂಡಿತು.

"ಈಗ ಮುಚ್ಚೂದು ಹೆಂಗ? ಬೋಗುಣಿ ಗಿಡ್ಡ ಐತಿ."

"ಇದು ನಡೀತೈತೇನು ನೋಡ್ರಿ."

ಇಬ್ಬರೂ ತಿರುಗಿದರು. ಅಬ್ಬಾ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಜಳಕ ಮಾಡಿ ಬಂದ ಅವನ ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಹಳದಿ ಹೆಲ್ಮೆಟ್. ಫ್ಯಾಕ್ಟರಿಯಲ್ಲಿ ಹೊಸದಾಗಿ ಕೊಟ್ಟಿದ್ದು. ಹಳೆಯದೇ ಸಾಕು ಎಂದು ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಪೆಟಗಿಯ ಮೇಲೆ ಇಟ್ಟಿದ್ದ.

"ಹೊಸಾದು. ತಲಿಗೆ ಹಾಕಿಲ್ಲ. ಒಳಗಿನ ಪಟ್ಟಿ ಬಿಚ್ಚೇನಿ. ಎರಡು ಸಲ ತೊಳದೇನಿ."

ಹೆಲ್ಮೆಟನ್ನು ಕೊಡಲು ಅವನು ಕೈಯನ್ನು ಎಷ್ಟು ಉದ್ದಕ್ಕೆ ಚಾಚಿದ್ದನೆಂದರೆ, ಮೈಯೇ ಒಳಗೆ ಬಾಗಿತ್ತು. ಕಾಲು ಮಾತ್ರ ಹೊಸ್ತಿಲಿನ ಆಚೆಯೇ ಇತ್ತು.

"ಒಳಗ ಬಾ ಅಬ್ಬಾ," ಎಂದಳು ಖುಷ್ಬು.

"ಬ್ಯಾಡವಾ. ಕೇಕ್ ಐತಲ್ಲ."

ಖುಷ್ಬು ಹೆಲ್ಮೆಟ್ ತೆಗೆದುಕೊಂಡಳು. ಅವನ ಉಗುರಿನ ಅಂಚಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗೆರೆ ಇತ್ತು. ಅವನು ಅದನ್ನು ಮುಚ್ಚಿಕೊಳ್ಳುವಂತೆ ಬೆರಳು ಮಡಚಿಕೊಂಡ.

ಅಮ್ಮಿ ಕೇಕ್ ಮಾಡಿದಾಗೆಲ್ಲ ಅಬ್ಬಾ ತನ್ನ ತುಂಡನ್ನು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನುತ್ತಿದ್ದ. ಅಡುಗೆಮನೆಗೆ ಇಣುಕುತ್ತಲೂ ಇರಲಿಲ್ಲ. ಅವನಿಗೆ ಕೇಕು, ಹೂವು ಇವೆಲ್ಲ ಸೇರುವುದಿಲ್ಲ ಎಂದು ಖುಷ್ಬು ಇಷ್ಟು ದಿನ ತಿಳಿದಿದ್ದಳು.

ಹಳದಿ ಹೆಲ್ಮೆಟ್ ಕೇಕಿನ ಮೇಲೆ ಸರಿಯಾಗಿ ಕೂತಿತು. ಗುಲಾಬಿಗೆ ತಾಗಲಿಲ್ಲ.

ಮರುದಿನ ಕ್ಲಾಸಿನಲ್ಲಿ ಮೊದಲು ನಕ್ಕವನು ಪಂಪಾಪತಿ. "ಟೀಚರ್, ಕೇಕ್ ಡ್ಯೂಟಿಗೆ ಬಂದೈತ್ರೀ!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಟೀಚರೂ ನಕ್ಕರು. ಖುಷ್ಬುವಿನ ಕಿವಿ ಬಿಸಿಯಾಯಿತು. ಆದರೂ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೆಂಚಿನ ಹತ್ತಿರ ಬಂದಳು.

ರೂಪಾ ಬೆಂಚಿನ ಮೇಲೆ ಅಂಗೈ ಆಡಿಸಿ ಧೂಳು ಒರೆಸಿದಳು. ಗಿಣಿಗೇರಾದಲ್ಲಿ ಏನನ್ನು ಇಡುವ ಮುಂಚೆಯೂ ಎಲ್ಲರೂ ಹಾಗೆಯೇ ಒರೆಸುತ್ತಾರೆ. ಖುಷ್ಬು ಹೆಲ್ಮೆಟ್ ಎತ್ತಿದಳು.

"ಬಿಳೀದು ತರ್ತೇನಿ ಅಂದಿದ್ದಿ?" ಪಂಪಾಪತಿ ಕೆಣಕಿದ.

"ಏ ಸುಮ್ಮನಿರಲೇ, ನನ್ನ ಕೇಕ್ ಅದು!" ಎಂದಳು ರೂಪಾ. ತನ್ನ ಹೆಸರಿನ ಸೊಟ್ಟ ದೀರ್ಘವನ್ನೇ ನೋಡುತ್ತಿದ್ದಳು. "ಇದ್ಯಾರ ಹೆಲ್ಮೆಟ್ ಲೇ?"

"ನಮ್ಮ ಅಬ್ಬಾಂದು," ಎಂದಳು ಖುಷ್ಬು. ಬೇಕಿದ್ದಕ್ಕಿಂತ ಜೋರಾಗಿಯೇ ಹೇಳಿದಳು.

ಕೇಕು ತಿನ್ನುತ್ತಾ ರೂಪಾ ಹೇಳಿದಳು. "ಕೊಪ್ಪಳದ ಮನ್ಯಾಗ ದಿನಾ ಕಿಟಕಿ ತಗದ ಇಡಬಹುದಂತ. ಮೊದ್ಲನೇ ದಿನ ನಾ ಮರತು ಮುಚ್ಚಿಬಿಡ್ತೇನಿ ನೋಡು."

ರೂಪಾ ತಮ್ಮನಿಗೆಂದು ಒಂದು ತುಂಡನ್ನು ಡಬ್ಬಿಗೆ ಹಾಕಿಕೊಂಡಳು. ಖುಷ್ಬು ಒಂದು ತುಂಡನ್ನು ಹೆಲ್ಮೆಟಿನ ಕೆಳಗೆ ಇಟ್ಟುಕೊಂಡಳು. ಗುಲಾಬಿ ಇದ್ದ ತುಂಡು.

ಸಂಜೆ ಅಬ್ಬಾ ಜಳಕ ಮಾಡಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಖುಷ್ಬು ತಟ್ಟೆ ಹಿಡಿದು ಹೋಗಿ ಪಕ್ಕದಲ್ಲಿ ಕೂತಳು.

"ಹೂವಿನ ತುಂಡು ನನಗ್ಯಾಕ? ನೀ ತಿನ್ನು."

"ನನ್ನದಾತು. ಅಬ್ಬಾ, ನಿನ್ನೆ ನಾ..."

"ಶೇಂಗಾ ಹಾಕೀರೇನು? ಭಾಳ ಛಲೋ ಆಗೈತಿ," ಎಂದು ಅವನು ಮಾತು ಮುಗಿಸಿಬಿಟ್ಟ. ಒಂದು ಕೈಯಲ್ಲಿ ತುಂಡು ಹಿಡಿದು, ಇನ್ನೊಂದು ಕೈಯನ್ನು ಕೆಳಗೆ ಬೊಗಸೆಯಂತೆ ಒಡ್ಡಿದ್ದ. ಒಂದು ಪುಡಿಯೂ ನೆಲಕ್ಕೆ ಬೀಳಲಿಲ್ಲ. ಗುಲಾಬಿಯನ್ನು ಕಡೆಗೆ ಉಳಿಸಿಕೊಂಡು, ಅದನ್ನು ಬೆಳಕಿಗೆ ಹಿಡಿದು, ಒಳಗಿನ ಎಸಳುಗಳನ್ನೆಲ್ಲ ನೋಡಿದ. "ಇದನ್ನ ಹೆಂಗ ಮಾಡ್ತಿ? ಒತ್ತೂದೋ, ತಿರುವೂದೋ?"

"ಎರಡೂ," ಎಂದಳು ಖುಷ್ಬು.

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ತನ್ನ ಅಂಗೈಯನ್ನು ಅದರ ಪಕ್ಕಕ್ಕೆ ತಂದು ನೋಡಿದಳು. ಅವನದು ಇವಳದಕ್ಕಿಂತ ಎರಡರಷ್ಟು ದೊಡ್ಡದಿತ್ತು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವಳು, ಅರ್ಧ ಲೀಟರಿನ ಎರಡು ಪಾಕೀಟು ಬೇಡವೆಂದು, ಒಂದು ಲೀಟರಿನ ದೊಡ್ಡ ಪಾಕೀಟೇ ಕೇಳಿ ತಂದಳು. ಹಾಲು ಕಾಯಿಸಿದ ಮೇಲೆ ಪಾಕೀಟನ್ನು ಸೋಪು ಹಾಕಿ ತೊಳೆದು, ಒಳಗೆ ಒಣಗಿಸಿ, ಮಡಚಿ, ಕೇಕಿನ ಸಾಮಾನಿನ ಡಬ್ಬಿಯಲ್ಲಿ ಇಟ್ಟಳು.

"ಅಷ್ಟು ದೊಡ್ಡದು ಯಾಕವ್ವಾ? ನಿನ್ನ ಮುಷ್ಟಿಯಾಗ ಕೂಡೂದಿಲ್ಲ," ಎಂದಳು ಅಮ್ಮಿ.

"ಇರ್ಲಿ ಬಿಡು," ಎಂದಳು ಖುಷ್ಬು. ಡಬ್ಬಿಯ ಮುಚ್ಚಳ ಹಾಕಿದಳು.