ಸಂಕೋಚಮಾಪಕದ ಮುಳ್ಳು

ಮನುಕುಲದ ಭವಿಷ್ಯಕ್ಕೆ ಸಂಬಂಧಿಸಿದ ಒಂದು ಗಂಭೀರ ಸಂಗತಿಯನ್ನು ಇಲ್ಲಿ ದಾಖಲಿಸಬೇಕಾಗಿದೆ. 2068ರ ಜೂನ್ ತಿಂಗಳ ಒಂದು ಬುಧವಾರ, ರಾಣೆಬೆನ್ನೂರಿನ ಭಾಷಾ ತರಬೇತಿ ಕೇಂದ್ರದಲ್ಲಿ ಶಕುಂತಲಾ ಬಣಕಾರ ಎಂಬ ನರ್ಸ್ ‘ಗುಡ್ ಮಾರ್ನಿಂಗ್’ ಎಂದರು. ಕೇಳಿಸುವಷ್ಟು ಗಟ್ಟಿಯಾಗಿ ಎಂದರು.

ಎಂದದ್ದು ‘ಸಂವಾದಿನಿ’ಗೆ. ಅದು ತಾಮ್ರದ ಮುಖದ, ಹುಬ್ಬಿಲ್ಲದ ಯಂತ್ರ; ಇಂಗ್ಲಿಷ್ ಕಲಿಯುವವರ ಜೊತೆ ಹರಟುವುದೇ ಅದರ ಕೆಲಸ. ಅದನ್ನು ರೂಪಿಸಿದ ಡಾ. ಇಂದುಧರ ಹಿರೇಗೌಡರ ಸಿದ್ಧಾಂತ ಸರಳವಾಗಿತ್ತು: ಕಲಿಯುವವರಿಗೆ ಪದಗಳ ಕೊರತೆಯಿಲ್ಲ, ಅವರ ಬಾಯಿ ಕಟ್ಟುವುದು ನಾಚಿಕೆ. ತಪ್ಪಿದರೆ ನಗದ, ಹುಬ್ಬೇರಿಸದ ಕೇಳುಗ ಸಿಕ್ಕರೆ ಮಾತು ತಾನಾಗಿ ಬರುತ್ತದೆ. ಕಲಿಯುವವರ ಮುಂಗೈಗೆ ಕಟ್ಟುವ ‘ಸಂಕೋಚಮಾಪಕ’ ಬೆವರನ್ನೂ ಚರ್ಮದ ಬಿಸಿಯನ್ನೂ ಅಳೆದು, ಸೊನ್ನೆಯಿಂದ ನೂರರವರೆಗೆ ಮುಳ್ಳಿನಲ್ಲಿ ತೋರಿಸುತ್ತಿತ್ತು. ಸಂವಾದಿನಿಯ ಎದುರು ಶಕುಂತಲಾ ಅವರ ಮುಳ್ಳು ನಾಲ್ಕು ದಾಟುತ್ತಿರಲಿಲ್ಲ. ಮನುಷ್ಯರ ಎದುರು ತೊಂಬತ್ತೆಂಟು.

ಕೇಂದ್ರದ ಇಂಗ್ಲಿಷ್ ಪರೀಕ್ಷೆಯಲ್ಲಿ ಪರೀಕ್ಷಕರು ಮಾತ್ರ ಮನುಷ್ಯರೇ ಆಗಿರಬೇಕೆಂಬುದು ನಿಯಮ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಶಕುಂತಲಾ ಹೆಡ್ ನರ್ಸ್ ಆಗಲು ಈ ಮೌಖಿಕ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ, ಎಂಟೆಂಟು ನಿಮಿಷ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಎದ್ದು ಬಂದಿದ್ದರು. ಮೂರನೆಯದು ಕೊನೆಯ ಅವಕಾಶ. ಅದು ಮರುವಾರ ಬಂತು.

“ಒಳಗ ಕುಂತೋರು ಯಾರ್ರೀ ಸರ್?” ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಶಕುಂತಲಾ ಕೇಳಿದರು.

“ಹೆದರಬೇಡಿ. ನಿಯಮ ಬದಲಾಗಿದೆ. ಅದು ನಮ್ಮ ಹೊಸ ಯಂತ್ರ, ನೋಡಲು ಥೇಟ್ ಮನುಷ್ಯರ ಹಾಗೆ,” ಎಂದರು ಡಾ. ಹಿರೇಗೌಡರು, ಗೋಡೆಯ ಗಡಿಯಾರ ನೋಡುತ್ತ.

“ಯಂತ್ರೇನ್ರೀ? ಮೊದ್ಲ ಹೇಳಬಾರದ? ಮುಂಜಾನಿಂದ ಗಂಟಲಾಗ ಒಂದು ತುತ್ತು ಇಳಿದಿಲ್ಲ ನನಗ!”

ಒಳಗಿದ್ದವರು ನಿವೃತ್ತ ಪ್ರಾಧ್ಯಾಪಕಿ ಸರಸಾದೇವಿ ಮುಂಡರಗಿ, ಹುಟ್ಟಿದಂದಿನಿಂದಲೂ ಮನುಷ್ಯರು. ಡಾಕ್ಟರು ಪಕ್ಕದ ಕೋಣೆಯ ಗಾಜಿನ ಹಿಂದೆ ನಿಂತರು. ಶಕುಂತಲಾ ಅವರ ಮುಂಗೈಯ ಮುಳ್ಳು ಮೂರರಲ್ಲಿತ್ತು.

ಶಕುಂತಲಾ ಇಂಗ್ಲಿಷಿನಲ್ಲಿ ಹರಿದರು. “ನಿಮ್ಮನ್ನು ಚೆನ್ನಾಗಿ ಮಾಡಿದ್ದಾರೆ. ಮೂಗು ಸ್ವಲ್ಪ ದೊಡ್ಡದಾಯಿತು. ಗದ್ದದ ಮೇಲೆ ಎರಡು ಕೂದಲೂ ನೆಟ್ಟಿದ್ದಾರಲ್ಲ, ಎಷ್ಟು ಶ್ರದ್ಧೆ!”

ಪ್ರಾಧ್ಯಾಪಕಿ ಗದ್ದ ಮುಟ್ಟಿಕೊಂಡರು. ಡಾಕ್ಟರು ಗಾಜಿಗೆ ಹಣೆ ಒತ್ತಿಕೊಂಡರು. ಒಳಗೆ ಹೋದರೆ ಸುಳ್ಳು ಬಯಲಾಗುತ್ತಿತ್ತು, ಹೋಗಲಿಲ್ಲ.

“ನಾಡಿ ಇಡುವುದನ್ನು ಮರೆತಿರಬೇಕು,” ಎನ್ನುತ್ತ ಶಕುಂತಲಾ, ಇಪ್ಪತ್ತು ವರ್ಷದ ರೂಢಿಯಂತೆ, ಅವರ ಮಣಿಕಟ್ಟು ಹಿಡಿದು ಕೈಗಡಿಯಾರ ನೋಡಿದರು.

ಮರೆತಿರಲಿಲ್ಲ. ಬಡಿತವಿತ್ತು, ಆದರೆ ನಾಲ್ಕಕ್ಕೊಂದು ತಪ್ಪುತ್ತಿತ್ತು. ಅಂಗೈ ತಣ್ಣಗೆ ಬೆವರಿತ್ತು. ತಪ್ಪುವ ನಾಡಿಯನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ ಎಂದು ಶಕುಂತಲಾ ಅವರಿಗೆ ಹೊಳೆಯಿತು. ಮುಖ, ಕಿವಿ, ಕೊರಳು ಕೆಂಪೇರಿದವು. ಮೂಗಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ಭಾಷೆಯಲ್ಲೂ ದಾರಿಯಿರಲಿಲ್ಲ. ಮುಳ್ಳು ನೂರಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು.

ಇನ್ನು ಮಾತು ಮುಗಿಯಿತು ಎಂದುಕೊಂಡರು ಡಾಕ್ಟರು.

“ಮೇಡಂ, ಏಳಬೇಡಿ. ಎದೆ ನೋಯುತ್ತಿದೆಯೇ? ಎಷ್ಟು ಹೊತ್ತಿನಿಂದ? ಎಡಗೈ ಸೆಳೆಯುತ್ತಿದೆಯೇ?” ಇಂಗ್ಲಿಷಿನಲ್ಲೇ, ಕಣ್ಣೆತ್ತದೆ ಕೇಳುತ್ತಿದ್ದರು ಶಕುಂತಲಾ.

“ಬೆಳಿಗ್ಗೆಯಿಂದ,” ಎಂದರು ಪ್ರಾಧ್ಯಾಪಕಿ. “ಹೇಳಿಕೊಳ್ಳಲು ನಾಚಿಕೆಯಾಯಿತು.”

ಆಂಬುಲೆನ್ಸ್ ಹೋದ ಮೇಲೆ ಶಕುಂತಲಾ ಡಾಕ್ಟರ ಎದುರು ಬಂದು ನಿಂತರು. “ಹಿರೇ ಮನುಷ್ಯಾರಿಗೆ ಮೂಗು ದೊಡ್ಡದೈತಿ ಅಂದುಬಿಟ್ಟೆ. ಇನ್ನ ಅವರಿಗೆ ಹೆಂಗ ಮಾರಿ ತೋರಸ್ಲಿ? ಯಂತ್ರ ಅಂತ ಯಾಕ ಹೇಳಿದ್ರಿ ಸರ್?”

ಡಾಕ್ಟರು ನೆಲ ನೋಡಿದರು. ತಮ್ಮ ಮುಂಗೈಗೆ ಯಾರೂ ಮಾಪಕ ಕಟ್ಟಿಲ್ಲ ಎಂಬುದೊಂದೇ ಅವರಿಗೆ ಉಳಿದ ಸಮಾಧಾನ.

ಹತ್ತು ದಿನಗಳ ನಂತರ ಆಸ್ಪತ್ರೆಯ ಹಾಸಿಗೆಯಿಂದ ಅಂಕಪಟ್ಟಿ ಬಂತು. ಷರಾ ಹೀಗಿತ್ತು: ‘ಅಭ್ಯರ್ಥಿ ಬಹಳ ನಾಚಿಕೊಂಡರು. ಅದರಿಂದ ಮಾತಿಗೆ ಅಡ್ಡಿಯಾಗಲಿಲ್ಲ.’

ಶಕುಂತಲಾ ಪಾಸಾದರು. ಸಂವಾದಿನಿಗೆ ಹುಬ್ಬು ಕೂಡಿಸಲಾಯಿತು.