ಸೈಕಲ್ ಟ್ಯೂಬ್ ಸುತ್ತಿದ ಬಟನ್

ಸಂಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವನು ಪ್ರೇಮದ ಬಗ್ಗೆ ಬರೆಯಲು ಹೊರಟಿದ್ದೇನೆ, ಕ್ಷಮಿಸಬೇಕು. ತಿಳಿದಷ್ಟನ್ನೇ ಹೇಳುತ್ತೇನೆ.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾವು ತಗಡು ಒತ್ತುವ ಪ್ರೆಸ್‌ಗಳಿಗೆ ಕಂಟ್ರೋಲರ್ ಮಾಡುತ್ತೇವೆ. ಎರಡು ಬಟನ್‌ಗಳನ್ನು ಎರಡು ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಬೆರಳು ಕೆಳಗಿರುವುದಿಲ್ಲ. ಆ ಪ್ರೋಗ್ರಾಮ್ ನಾನು ಸಿ ಭಾಷೆಯಲ್ಲಿ ಬರೆದದ್ದು. ಹೊಸ ಮಾಡೆಲ್‌ಗೆ ಯಾವ ಭಾಷೆ ಭದ್ರ ಎಂದು ಹೋಲಿಸಲು ಯಜಮಾನರು ನನ್ನನ್ನೂ ಸಹೋದ್ಯೋಗಿ ಗುರುದೇವಿಯನ್ನೂ ಒಂದೇ ಮೇಜಿಗೆ ಕೂರಿಸಿದರು.

"ರಸ್ಟ್ ಭಾಷೆ ಸಾಕಲ್ವಾ? ಮೆಮೊರಿ ತಪ್ಪಾಗೋಕೆ ಬಿಡಲ್ಲ," ಎಂದೆ.

"ಮೆಮೊರಿ ಸರಿ ಇದ್ರ ಬೆರಳು ಉಳಿತಾವೇನ್ರಿ ಸಿದ್ದೇಶ್?" ಕನ್ನಡಕದ ಮೇಲಿಂದ ನೋಡಿದಳು. ಆ ನೋಟಕ್ಕಾಗಿಯೇ ಆರು ತಿಂಗಳಿಂದ ಏನಾದರೊಂದು ಕೇಳುತ್ತಿದ್ದೇನೆ. "ಸ್ಪಾರ್ಕ್ ಭಾಷೆನಾಗ ನಿಯಮಾನೂ ಬರೀಬಹುದು. ಕೋಡ್ ಅದನ್ನ ಮೀರಂಗಿಲ್ಲ ಅಂತ ಸಾಬೀತಾಗಬೇಕು."

ನನ್ನ ಲಾಜಿಕ್ಕನ್ನೇ ಸ್ಪಾರ್ಕ್‌ಗೆ ಇಳಿಸಿ, ಪ್ರತಿ ಸಲವೂ ಎರಡೂ ಬಟನ್ ಬಿಟ್ಟು ಹೊಸದಾಗಿ ಒತ್ತಿರಬೇಕು ಎಂಬ ನಿಯಮ ಬರೆದಳು. ಸಾಬೀತಾಗಲಿಲ್ಲ. ಎಡ ಬಟನ್ ಒತ್ತಿಕೊಂಡೇ ಇದ್ದರೆ ಬಲಗೈ ಒಂದೇ ಸಾಕಾಗುತ್ತಿತ್ತು.

"ಯಾರು ಹಂಗೆ ಒತ್ತಿಟ್ಟಿರ್ತಾರೆ?" ಎಂದು ನಕ್ಕೆ.

ಅವಳು ನಗಲಿಲ್ಲ. "ನಮ್ಮಣ್ಣನ್ನ ಕೇಳೋಣ ಬರ್ರಿ."

ಕಾಮಾಕ್ಷಿಪಾಳ್ಯದ ಶೆಡ್‌ನಲ್ಲಿ ಅವಳಣ್ಣ ದುಂಡೇಶ ನಮ್ಮದೇ ಕಂಟ್ರೋಲರ್ ಇದ್ದ ಪ್ರೆಸ್ ಮುಂದೆ ನಿಂತಿದ್ದ. ಎಡ ಬಟನ್ ಮೇಲೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿತ್ತು. ಬಲಗೈ ಒತ್ತುತ್ತಿತ್ತು, ಎಡಗೈ ಪ್ರೆಸ್ ಕೆಳಗೆ ತಗಡು ಸರಿಸುತ್ತಿತ್ತು.

ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಗುರುದೇವಿ ಅಣ್ಣನ ಎಡಗೈ ಹಿಡಿದು ಬೆರಳು ಒಂದೊಂದನ್ನೇ ಮುಟ್ಟಿ ನೋಡಿದಳು.

"ಎಲ್ಲಾರೂ ಹಿಂಗ ಕಟ್ತಾರವಾ, ಕೆಲ್ಸ ಲಗೂ ಆಗ್ತದ," ಎಂದ ದುಂಡೇಶ.

ಬಸ್ ಸ್ಟಾಪಿನಲ್ಲಿ ಫೋನ್ ತೆಗೆದೆ. "ತಪ್ಪು ನಂದು. ಇಂಥವು ಹತ್ತೊಂಬತ್ತು ಕಂಟ್ರೋಲರ್ ಮಾರಾಟ ಆಗಿವೆ. ಸಾರ್‌ಗೆ ಈಗ್ಲೇ ಹೇಳ್ತೀನಿ."

"ಕೆಲ್ಸ ಹೋದ್ರ?"

"ಹೋಗ್ಲಿ."

ನನ್ನ ಕೈ ಹಿಡಿದಳು. "ಟ್ಯೂಬ್ ಕಟ್ಟಿದವರದ ತಪ್ಪು ಅಂತೀರೇನೋ ಅಂತ ಕಾಯ್ತಿದ್ದೆ. ಅಂದಿದ್ರ ಮತ್ತ ಮಾತಾಡ್ತಿರಲಿಲ್ಲ."

"ಈಗ?"

"ನಮ್ಮವ್ವನ್ನ ನೋಡಾಕ ಯಾವಾಗ ಬರ್ತೀರಿ?"

ಅಂದಿನ ಎರಡನೇ ಆಘಾತ. "ನಿಮಗೆ... ಗೊತ್ತಿತ್ತಾ?"

"ದಿನಾ ನನ್ನ ಕೋಡ್ ಚೆಕ್ ಮಾಡಾಕ ಬಂದು, ಸ್ಕ್ರೀನ್ ಒಂದು ಬಿಟ್ಟು ಎಲ್ಲಾ ನೋಡ್ತೀರಲ್ರಿ."

ಕೆಲಸ ಹೋಗಲಿಲ್ಲ. ಹದಿನೇಳು ಸಿಕ್ಕವು, ಸರಿಪಡಿಸಿದೆವು. ಇನ್ನೆರಡನ್ನು ಕೊಂಡವರು ಮಾರಿಬಿಟ್ಟಿದ್ದಾರೆ. ಪ್ರತಿ ಶನಿವಾರ ನಾವಿಬ್ಬರೂ ಶೆಡ್‌ನಿಂದ ಶೆಡ್‌ಗೆ ಕೇಳುತ್ತಾ ಹೋಗುತ್ತೇವೆ. ಅವುಗಳ ಮುಂದೆ ಈಗ ಯಾರು ನಿಂತಿದ್ದಾರೆ, ಅವರ ಕೈ ಹೇಗಿದೆ, ನನಗೆ ಗೊತ್ತಿಲ್ಲ.